ಗುಳ್ಳಕ್ಕ ಎಳೆದ ಎರಡು ಗೆರೆ

ಗುಳ್ಳಕ್ಕ ಎಂಬ ಹೆಸರನ್ನು ಅವಳಿಗೆ ಅಂಟಿಸಿದವರು ಅವಳ ಭಾವ. ಅಳತೆಯ ಕೆಲಸಕ್ಕೆ ಸೇರಿದ ಹೊಸತರಲ್ಲಿ ಅವಳು ಅಕ್ಕನ ಮನೆಗೆ ಊಟಕ್ಕೆ ಬಂದಾಗಲೆಲ್ಲ ಬಾಯಿ ಬಿಟ್ಟರೆ ಗುಳ್ಳೆಯದೇ ಮಾತು. ಅಳತೆಯ ಕೋಲಿಗೆ ಒಂದು ಪುಟ್ಟ ಗಾಜಿನ ಡಬ್ಬಿ ಬಿಗಿದಿರುತ್ತದೆ, ಅದರೊಳಗೆ ರಸ, ರಸದ ಮೇಲೆ ಒಂದು ಗುಳ್ಳೆ. ಗುಳ್ಳೆ ನಡುವಿನ ವೃತ್ತದಲ್ಲಿ ನಿಂತರೆ ಕೋಲು ನೆಟ್ಟಗಿದೆ, ಜರುಗಿದರೆ ಅಳತೆ ಕೆಟ್ಟಿತು. ಇವತ್ತು ಗಾಳಿಗೆ ಗುಳ್ಳೆ ನಿಲ್ಲಲೇ ಇಲ್ಲ, ಇವತ್ತು ಗುಳ್ಳೆ ನೋಡಿ ನೋಡಿ ಕತ್ತು ಹಿಡಿದುಹೋಯಿತು ಎಂದು ತಟ್ಟೆಯ ಮುಂದೆ ಕೂತು ಹೇಳುತ್ತಲೇ ಇರುವಳು. ದರ್ಜಿಯಾದ ಭಾವ ಹೊಲಿಗೆ ಯಂತ್ರದಿಂದ ತಲೆ ಎತ್ತದೆ, "ಬಂದಳು ನೋಡೇ ನಿನ್ನ ಗುಳ್ಳಕ್ಕ" ಎಂದು ಹೆಂಡತಿಯನ್ನು ಕೂಗುತ್ತಿದ್ದರು. ಹೆಸರು ಹೇಗೋ ಕಚೇರಿಗೂ ಹೋಗಿ ಕೂತಿತು. ಈಗ ಅವಳಿಗೆ ಐವತ್ತು ಹತ್ತಿರ, ಕಿವಿಯ ಮೇಲೆ ಕೂದಲು ಬೆಳ್ಳಗಾಗಿದೆ, ಆದರೂ ಡ್ರೈವರಿನಿಂದ ಹಿಡಿದು ಎಂಜಿನಿಯರ್ ಸಾಹೇಬರವರೆಗೆ ಎಲ್ಲರಿಗೂ ಅವಳು ಗುಳ್ಳಕ್ಕನೇ.

ಒಳ್ಳೆಯ ಹೆಂಗಸು. ಆದರೆ ಅಳತೆಯ ವಿಷಯಕ್ಕೆ ಬಂದರೆ ರಾಕ್ಷಸಿ. ಕೋಲನ್ನು ಯಾರಾದರೂ ಗೋಡೆಗೆ ಒರಗಿಸಿಟ್ಟರೆ ಸಾಕು, ಅವರ ಜನ್ಮ ಜಾಲಾಡಿಬಿಡುವಳು. ಅವಳ ಜಗತ್ತಿನಲ್ಲಿ 'ಸುಮಾರು' ಎಂಬ ಮಾತಿಗೆ ಜಾಗವಿರಲಿಲ್ಲ. ಮದುವೆಯ ಮಾತು ಬಂದಾಗಲೆಲ್ಲ ಅವಳು ಯಾವುದೋ ಬಯಲಿನಲ್ಲಿ ಕೋಲು ಹಿಡಿದು ನಿಂತಿರುತ್ತಿದ್ದಳು, ಹೀಗೆ ಆ ಮಾತು ತಾನೇ ಸುಸ್ತಾಗಿ ನಿಂತುಹೋಯಿತು. ಅದಕ್ಕೆ ಅವಳಿಗೆ ದುಃಖವೂ ಇರಲಿಲ್ಲ. ಅವಳಿಗೆ ಮನೆ ಎಂದರೆ ಅಕ್ಕನ ಮನೆ. ಅಮ್ಮ ತೀರಿಕೊಂಡಾಗ ಇವಳಿನ್ನೂ ಮೂಗು ಒರೆಸಿಕೊಳ್ಳಲು ಬಾರದ ಹುಡುಗಿ. ಅಕ್ಕ ಮದುವೆಯಾಗಿ ಹೊರಟಾಗ ತಂಗಿಯನ್ನೂ ಕಂಕುಳಿಗೆ ಹಾಕಿಕೊಂಡೇ ಹೋದಳು. ಭಾವ ಒಂದು ದಿನವೂ ಹುಬ್ಬು ಗಂಟಿಕ್ಕಲಿಲ್ಲ. ಇವಳನ್ನು ಓದಿಸಿದ್ದು, ಸರ್ವೆ ಕಲಿಯಲು ಕಳಿಸಿದ್ದು, ಎಲ್ಲವೂ ಅವರ ಆ ಒಂದು ಹೊಲಿಗೆ ಯಂತ್ರ.

ಆ ಮನೆ ಇದ್ದದ್ದು ತಗ್ಗಿನ ಬೀದಿಯಲ್ಲಿ. ಊರಿನ ನೀರೆಲ್ಲ ಇಳಿದು ಬಂದು ಸೇರುವ ಜಾಗ. ಮೂರು ವರ್ಷದ ಹಿಂದೆ ಒಂದು ಮಳೆಗೆ ಆ ಬೀದಿಯಲ್ಲಿ ಸೊಂಟದವರೆಗೆ ನೀರು ನಿಂತಿತ್ತು. ಅದಕ್ಕೂ ಸ್ವಲ್ಪ ಮುಂಚೆ ಭಾವನಿಗೆ ಲಕ್ವ ಹೊಡೆದು ಸೊಂಟದ ಕೆಳಗೆ ಸ್ವಾಧೀನವೇ ಇರಲಿಲ್ಲ. ಬಟ್ಟೆ ಕತ್ತರಿಸುವ ಹಲಗೆಯ ಮೇಲೆ ಅವರನ್ನು ಮಲಗಿಸಿ, ನಾಲ್ಕು ಜನ ತಲೆಯ ಮೇಲೆ ಹೊತ್ತು ಸಾಗಿಸಿದ್ದರು. ಅಕ್ಕ ಅವತ್ತೇ ತೀರ್ಮಾನ ಮಾಡಿದಳು, ಇನ್ನು ಈ ಬೀದಿಯ ಸಹವಾಸ ಸಾಕು ಎಂದು. ದಿಬ್ಬದ ಬೀದಿಯಲ್ಲಿ ಎರಡು ಕೋಣೆಯ ಮನೆ ನೋಡಿ, ಬೀಗದ ಕೈಯನ್ನೂ ಇಸಿದುಕೊಂಡು ಬಂದಳು.

ಆಗ ಬೇಡ ಎಂದವಳು ಗುಳ್ಳಕ್ಕ. ಅವಳ ಕಚೇರಿಯವರೇ ಹೊಸ ಚರಂಡಿ ಕಟ್ಟಲು ಹೊರಟಿದ್ದರು. ಊರ ಮೇಲಿನಿಂದ ತಗ್ಗಿನ ಬೀದಿಯನ್ನು ಹಾದು ಹೊಳೆಯವರೆಗೆ, ಆಳೆತ್ತರದ ಕಾಂಕ್ರೀಟ್ ಚರಂಡಿ. ಅದರ ಅಳತೆಯೆಲ್ಲ ಅವಳದೇ. ನಕ್ಷೆಯ ಲೆಕ್ಕದಲ್ಲಿ, ಚರಂಡಿ ಪೂರ್ತಿಯಾದ ಮೇಲೆ, ಎಂಥ ಘನಘೋರ ಮಳೆ ಬಂದರೂ ತಗ್ಗಿನ ಬೀದಿಯಲ್ಲಿ ನೀರು ಇಷ್ಟಕ್ಕಿಂತ ಮೇಲೆ ಏರುವುದಿಲ್ಲ ಎಂದು ಒಂದು ಮಟ್ಟವಿತ್ತು. ಅವಳು ಯಂತ್ರ ತಂದು, ಹೊಸ್ತಿಲ ಮೇಲೆ ಕೋಲು ನಿಲ್ಲಿಸಿ, ಆ ಮಟ್ಟವನ್ನು ಅಕ್ಕನ ಮನೆಯ ಮುಂದಿನ ಕೋಣೆಯ ಗೋಡೆಗೆ ತಂದು, ಪೆನ್ಸಿಲಿನಿಂದ ಉದ್ದಕ್ಕೆ ಗೆರೆ ಎಳೆದಳು. ಮೊಣಕಾಲಿಗಿಂತ ಸ್ವಲ್ಪ ಮೇಲೆ.

"ಇದರ ಮೇಲೆ ನೀರು ಬಂದರೆ ನನ್ನ ಹೆಸರು ಬದಲಾಯಿಸಿ" ಎಂದಳು.

"ಇನ್ನೆಷ್ಟು ಬದಲಾಯಿಸೋದು" ಎಂದರು ಭಾವ, ಮಲಗಿದ್ದಲ್ಲಿಂದಲೇ. ಮಂಚದ ಕಾಲುಗಳಿಗೆ ಇಟ್ಟಿಗೆ ಕೊಡಿಸಿ, ಹಾಸಿಗೆಯನ್ನು ಗೆರೆಗಿಂತ ನಾಲ್ಕು ಬೆರಳು ಎತ್ತರಿಸಿಕೊಂಡರು. ದರ್ಜಿ ಬುದ್ಧಿ, ಬಟ್ಟೆಯೊಳಗೆ ಹೊಲಿಗೆಗೆಂದು ಒಂದಿಷ್ಟು ಬಿಟ್ಟೇ ಕತ್ತರಿಸುವವರು. ಅಕ್ಕ ಮರುದಿನ ಹೋಗಿ ದಿಬ್ಬದ ಮನೆಯ ಬೀಗದ ಕೈಯನ್ನು ವಾಪಸು ಕೊಟ್ಟು ಬಂದಳು. ಅಕ್ಕಪಕ್ಕದವರು ಕೇಳಿದರೆ, ನನ್ನ ತಂಗಿ ಅಳೆದಿದ್ದಾಳೆ ಎನ್ನುವಳು. ಅದರ ಮೇಲೆ ಅವಳಿಗೆ ಬೇರೆ ಮಾತೇ ಬೇಕಿರಲಿಲ್ಲ.

ಚರಂಡಿಯ ಮೇಲಿನ ಅರ್ಧ, ತಗ್ಗಿನ ಬೀದಿಯ ಭಾಗವೂ ಸೇರಿ, ಮರುವರ್ಷವೇ ಮುಗಿಯಿತು. ಆಮೇಲೆ ಕೆಲಸ ನಿಂತು, ತಗ್ಗಿನ ಬೀದಿಯಿಂದ ಹೊಳೆಯವರೆಗಿನ ಕೆಳಗಿನ ಅರ್ಧ ಈ ಬೇಸಿಗೆಯಲ್ಲಿ ಮುಗಿಯಿತು. ಮೊದಲ ಮಳೆ ಸಣ್ಣಗೆ ಹನಿದು ಹೋದ ಮರುದಿನ ಅಕ್ಕನ ಫೋನು ಬಂತು. ಮಳೆ ನಿಂತು ಅಷ್ಟು ಹೊತ್ತಾಯಿತು, ಹೊಸ ಚರಂಡಿಯಲ್ಲಿ ನೀರು ಹಾಗೇ ನಿಂತಿದೆಯಲ್ಲೇ, ಹರಿಯುತ್ತಲೇ ಇಲ್ಲ, ಹೀಗೇನಾ ಇರೋದು ಎಂದು ಕೇಳಿದಳು. ಅಕ್ಕನ ದನಿಯಲ್ಲಿ ಗಾಬರಿಯೇನೂ ಇರಲಿಲ್ಲ. ಗುಳ್ಳಕ್ಕ ಮಾತ್ರ ಆಗಲೇ ಕೋಲು ಎತ್ತಿಕೊಂಡು ಹೊರಟಳು.

ಹೋಗಿ ನೋಡಿದರೆ ನಿಜ. ಕಾಲಿನ ಗಿಣ್ಣು ಮುಳುಗುವಷ್ಟು ನೀರು ಕಸ ಕಡ್ಡಿ ಹೊತ್ತು ನಿಂತಲ್ಲೇ ನಿಂತಿದೆ. ಅವಳು ಚರಂಡಿಗೆ ಇಳಿದು ಅಳೆದಳು. ಹೊಸ ಭಾಗದ ತಳ ನಕ್ಷೆಯಲ್ಲಿ ಹೇಗಿದೆಯೋ ಹಾಗೇ ಇದೆ, ಒಂದಿಷ್ಟೂ ಹೆಚ್ಚುಕಡಿಮೆ ಇಲ್ಲ. ಹಳೆಯ ಭಾಗಕ್ಕೆ ಬಂದರೆ ತಳ ನಕ್ಷೆಗಿಂತ ಹನ್ನೆರಡು ಸೆಂಟಿಮೀಟರ್ ಕೆಳಗೆ. ನಾಲ್ಕು ಹೆಜ್ಜೆ ಮುಂದೆ ಹೋಗಿ ಅಳೆದಳು, ಹನ್ನೆರಡು. ಬೀದಿಯ ಆ ತುದಿಗೆ ಹೋದಳು, ಅಲ್ಲೂ ಹನ್ನೆರಡು.

ಎಂಜಿನಿಯರ್ ಸಾಹೇಬರಿಗೆ ಇದು ಕೇಳಿ ಸಮಾಧಾನವೇ ಆಯಿತು. ಹಳೇದು ಕುಸಿದಿದೆ, ಹಳೇ ಗುತ್ತಿಗೆದಾರನ ತಪ್ಪು, ನಮಗೇನು ಎಂದರು. ಗುಳ್ಳಕ್ಕ ಹೊರಗೆ ಬಂದಳು. ಕುಸಿದ ನೆಲ ಒಂದು ಕಡೆ ಹೆಚ್ಚು ಒಂದು ಕಡೆ ಕಡಿಮೆ ಕುಸಿಯುತ್ತದೆ, ಬಿರುಕು ಬಿಡುತ್ತದೆ. ಅರ್ಧ ಊರಿನ ಉದ್ದದ ಚರಂಡಿ ಒಂದೇ ಒಂದು ಬಿರುಕಿಲ್ಲದೆ ಎಲ್ಲ ಕಡೆಯೂ ಹನ್ನೆರಡೇ ಸೆಂಟಿಮೀಟರ್ ಇಳಿಯಲು ಅದೇನು ಲಿಫ್ಟೇ? ಚರಂಡಿ ಎಲ್ಲಿಗೂ ಹೋಗಿಲ್ಲ. ಅಳತೆ ಹೋಗಿದೆ. ಎರಡು ವರ್ಷದ ಹಿಂದಿನ ಅಳತೆ ಸುಳ್ಳೋ, ಈ ಬೇಸಿಗೆಯದು ಸುಳ್ಳೋ, ಎರಡರಲ್ಲಿ ಒಂದು. ಹಿಂದಿನದು ಸುಳ್ಳಾಗಿದ್ದರೆ ಗೋಡೆಯ ಮೇಲಿನ ಅವಳ ಗೆರೆಯೇ ಸುಳ್ಳು. ಈ ಬೇಸಿಗೆಯದು ಸುಳ್ಳಾಗಿದ್ದರೆ ಹೊಳೆಯ ಕಡೆಯ ಚರಂಡಿ ಹನ್ನೆರಡು ಸೆಂಟಿಮೀಟರ್ ಎತ್ತರಕ್ಕೆ ಕಟ್ಟಿಹೋಗಿದೆ, ದೊಡ್ಡ ಮಳೆ ಬಂದರೆ ತಗ್ಗಿನ ಬೀದಿಯ ನೀರು ಗೆರೆಗಿಂತ ಅಷ್ಟೇ ಮೇಲೆ ಏರುತ್ತದೆ. ಭಾವ ಬಿಟ್ಟುಕೊಂಡಿದ್ದು ನಾಲ್ಕು ಬೆರಳು. ನಾಲ್ಕು ಬೆರಳು ಎಂದರೆ ಏಳೆಂಟು ಸೆಂಟಿಮೀಟರ್, ಬಹಳವಾಯಿತು.

ಅವಳ ಅನುಮಾನವೆಲ್ಲ ಹೊಸ ಯಂತ್ರದ ಮೇಲೆ ಹೋಯಿತು. ಎರಡು ವರ್ಷದ ಹಿಂದೆ ಇದ್ದದ್ದು ಹಳೆಯ ಜಿಪಿಎಸ್ ಜೋಡಿ. ಇದು ಹೊಸದು, ದುಬಾರಿ, ಕೂದಲೆಳೆಯಷ್ಟೂ ತಪ್ಪುವುದಿಲ್ಲ ಎಂದು ಹೇಳಿ ತಂದದ್ದು. ಜೋಡಿ ಎಂದರೆ ಎರಡು ಪೆಟ್ಟಿಗೆ. ಒಂದನ್ನು ಕಚೇರಿಯ ಅಂಗಳದಲ್ಲಿ, ನೆಲಕ್ಕೆ ಹೂತ ಹಿತ್ತಾಳೆ ಬಿಲ್ಲೆಯ ನೆತ್ತಿಯ ಮೇಲೆ, ಮುಕ್ಕಾಲಿಯಲ್ಲಿ ನಿಲ್ಲಿಸುತ್ತಾರೆ. ಆ ಬಿಲ್ಲೆ ಎಲ್ಲಿದೆ, ಸಮುದ್ರಮಟ್ಟದಿಂದ ಎಷ್ಟು ಎತ್ತರ ಎಂಬುದು ಗಟ್ಟಿಯಾಗಿ ಗೊತ್ತಿರುವ ಲೆಕ್ಕ. ಇನ್ನೊಂದನ್ನು ಕೋಲಿನ ತುದಿಗೆ ಸಿಕ್ಕಿಸಿಕೊಂಡು ಊರೆಲ್ಲ ಅಲೆಯುತ್ತಾರೆ. ಅಂಗಳದ ಪೆಟ್ಟಿಗೆ ಉಪಗ್ರಹಗಳ ಮಾತನ್ನು ತಿದ್ದಿ ಕಳಿಸುತ್ತದೆ, ಕೋಲಿನ ಪೆಟ್ಟಿಗೆ ಅದನ್ನು ಕೇಳಿ ತಾನು ಎಲ್ಲಿದ್ದೇನೆ, ಎಷ್ಟು ಎತ್ತರದಲ್ಲಿದ್ದೇನೆ ಎಂದು ಹೇಳುತ್ತದೆ. ಬಿಲ್ಲೆ ತಾಯಿಬೇರು, ಉಳಿದದ್ದೆಲ್ಲ ಅದರ ಕೊಂಬೆ.

ಅವಳು ಊಟ ನಿದ್ದೆ ಬಿಟ್ಟು ಯಂತ್ರದ ಬೆನ್ನು ಹತ್ತಿದಳು. ಕೋಲಿನ ಉದ್ದವನ್ನು ಟೇಪು ಹಿಡಿದು ಅಳೆದಳು, ಯಂತ್ರಕ್ಕೆ ಹೇಳಿದ ಉದ್ದವೂ ಅದೂ ಒಂದೇ. ಕೋಲಿನ ಮೊನೆ ಸವೆದಿದೆಯೇ ನೋಡಿದಳು, ಸವೆದಿರಲಿಲ್ಲ. ಕೋಲನ್ನು ನಿಂತಲ್ಲೇ ಅರ್ಧ ಸುತ್ತು ತಿರುಗಿಸಿ ಗುಳ್ಳೆ ನೋಡಿದಳು, ಗುಳ್ಳೆ ನಡುವಿನಿಂದ ಅಲ್ಲಾಡಲಿಲ್ಲ. ತಗಡಿನ ಸೂರಿಗೆ ಸಂಕೇತ ಬಡಿದು ವಾಪಸಾಗಿ ಯಂತ್ರವನ್ನು ಮೋಸ ಮಾಡುತ್ತದೆಂದು ಬಯಲಿಗೆ ಹೋಗಿ ಅಳೆದಳು. ಬೆಳಿಗ್ಗೆ ಇರುವ ಉಪಗ್ರಹಗಳು ಸಂಜೆಗೆ ಇರುವುದಿಲ್ಲ ಎಂದು ಬೆಳಿಗ್ಗೆಯೂ ಅಳೆದಳು, ಸಂಜೆಯೂ ಅಳೆದಳು. ಉಪಗ್ರಹದ ಎತ್ತರವನ್ನು ಸಮುದ್ರಮಟ್ಟದ ಎತ್ತರಕ್ಕೆ ತಿರುಗಿಸುವ ಫೈಲು ಹಳೆಯದಿರಬಹುದೆಂದು ಅಳಿಸಿ ಹೊಸದು ಹಾಕಿದಳು. ಹನ್ನೆರಡು ಹನ್ನೆರಡಾಗಿಯೇ ಇತ್ತು.

ನಡುವೆ ಒಮ್ಮೆ ಸಿಕ್ಕಿತು ಎಂದುಕೊಂಡಳು. ಪೆಟ್ಟಿಗೆಯ ಬುಡಕ್ಕೂ, ಅದರೊಳಗೆ ಸಂಕೇತ ನಿಜವಾಗಿ ಬಂದು ಬೀಳುವ ಬಿಂದುವಿಗೂ ನಡುವೆ ಒಂದು ಅಂತರವಿರುತ್ತದೆ. ಕೈಪಿಡಿ ತೆಗೆದರೆ ಆ ಅಂತರ ಹೆಚ್ಚುಕಡಿಮೆ ಹನ್ನೆರಡೇ ಸೆಂಟಿಮೀಟರ್! ಅವಳಿಗೆ ಕುರ್ಚಿಯಿಂದ ಎದ್ದು ಕುಣಿಯುವಷ್ಟು ಸಂತೋಷವಾಯಿತು. ಯಾರೋ ಯಂತ್ರದಲ್ಲಿ ತಪ್ಪು ಮಾದರಿ ಆರಿಸಿದ್ದಾರೆ, ಅಷ್ಟೇ. ಪರದೆ ತೆರೆದು ನೋಡಿದಳು. ಸರಿಯಾದ ಮಾದರಿಯೇ ಇತ್ತು. ಅವಳೇ ಆರಿಸಿದ್ದಳು. ಅವಳು ಅಲ್ಲೇ ಮೇಜಿನ ಮೇಲೆ ಹಣೆ ಇಟ್ಟು ಕೂತಳು.

ಯಂತ್ರ ಮಾರಿದ ಕಂಪನಿಯ ತಂತ್ರಜ್ಞನಿಗೆ ಫೋನು ಮಾಡಿದರೆ ಅವನು ಎಲ್ಲವನ್ನೂ ಕೇಳಿಸಿಕೊಂಡು, "ಮೇಡಂ, ಆಕಾಶದಿಂದ ಬರೋ ತಪ್ಪು ಹೀಗೆ ಒಂದೇ ಕಡೆ ನಿಲ್ಲಲ್ಲ, ಅಲ್ಲಾಡ್ತಾ ಇರುತ್ತೆ. ಇದು ಯಾರೋ ಕೈಯಿಂದ ಹಾಕಿರೋ ತಪ್ಪು" ಎಂದ. ಅವಳಿಗೆ ರೇಗಿತು. ಇಲ್ಲಿ ಕೈ ಹಾಕುವವಳು ತಾನೊಬ್ಬಳೇ. ಅಲ್ಲದೆ ದಿನಾ ಬೆಳಿಗ್ಗೆ ಕೆಲಸ ಶುರುಮಾಡುವ ಮುಂಚೆ ಅಂಗಳದ ಮೂಲೆಯಲ್ಲಿ ಹೊಡೆದ ಒಂದು ಮೊಳೆಯ ಮೇಲೆ ಕೋಲಿಟ್ಟು ಪರೀಕ್ಷೆ ಮಾಡುವ ಪದ್ಧತಿ ಅವಳದು. ಬೇರೆ ಯಾರೂ ಮಾಡುವುದಿಲ್ಲ. ಒಂದು ದಿನವೂ ಆ ಮೊಳೆ ಎರಡು ಮೂರು ಮಿಲಿಮೀಟರಿಗಿಂತ ಆಚೀಚೆ ತೋರಿಸಿರಲಿಲ್ಲ. ಆ ಮೊಳೆಯ ಮೇಲೆ ಅವಳಿಗೆ ಒಂದು ಜಂಬವೇ ಇತ್ತು.

ಅಷ್ಟರಲ್ಲಿ ವಾರದ ಕೊನೆಗೆ ಭಾರಿ ಮಳೆ ಎಂದು ಸುದ್ದಿ ಬಂತು. ಅಕ್ಕ ಫೋನು ಮಾಡಿ ನೀರಿನ ವಿಷಯ ಏನಾಯಿತು ಎಂದು ಕೇಳಿದಳು. ಯಂತ್ರ ಕೆಟ್ಟಿದೆ, ನೋಡುತ್ತಿದ್ದೇನೆ ಎಂದಳು ಇವಳು. ಸರಿ ಬಿಡು, ನೀನಿದ್ದೀಯಲ್ಲ ಎಂದು ಅಕ್ಕ ಫೋನು ಇಟ್ಟಳು. ಆವಾಗಲೇ ಹೇಳಬೇಕಿತ್ತು. ಮನೆ ಬಿಡಿ, ಭಾವನನ್ನು ಎತ್ತಿಕೊಂಡು ಹೊರಡಿ ಎಂದು ಆ ನಿಮಿಷವೇ ಹೇಳಬೇಕಿತ್ತು. ಆದರೆ ಯಂತ್ರದ್ದೇ ತಪ್ಪಾಗಿದ್ದರೆ? ಅಳತೆಗೆ ಬಂದ ಭೂತ ಒಂದು ಗುಂಡಿ ಒತ್ತಿದ ಕೂಡಲೇ ಬಿಟ್ಟುಹೋದರೆ? ಈ ಆಸೆ ಇದೆಯಲ್ಲ, ಮನುಷ್ಯರನ್ನು ಕೊಲ್ಲುವುದೇ ಇದು. ಅವಳು ಬಾಯಿ ಕಟ್ಟಿಕೊಂಡು ಮತ್ತೆ ಯಂತ್ರದ ಮುಂದೆ ಕೂತಳು.

ಕೊನೆಗೆ ಉಗ್ರಾಣದಿಂದ ಹಳೆಯ ಜೋಡಿಯನ್ನೇ ಎಳೆದು ತಂದಳು. ಬ್ಯಾಟರಿ ಸತ್ತು ಯಾವ ಕಾಲವಾಗಿತ್ತೋ. ಜೀಪಿನ ಬ್ಯಾಟರಿಯಿಂದ ತಂತಿ ಎಳೆದು ಜೀವ ಕೊಟ್ಟಳು. ಡ್ರೈವರಣ್ಣ, ನಾಳೆ ಜೀಪು ಶುರುವಾಗದಿದ್ದರೆ ನೀನೇ ತಳ್ಳಬೇಕು ಎಂದು ಗೊಣಗಿದ. ಹಳೆಯದನ್ನು ಬಿಲ್ಲೆಯ ಮೇಲೆ ನಿಲ್ಲಿಸಿ, ಅದರ ಜೊತೆಯದನ್ನು ಕೋಲಿಗೆ ಏರಿಸಿ, ತಗ್ಗಿನ ಬೀದಿಗೆ ಹೋಗಿ ಚರಂಡಿಯ ಹಳೆಯ ತಳದ ಮೇಲೆ ಇಟ್ಟಳು. ಎರಡು ವರ್ಷದ ಹಿಂದೆ ಇದೇ ಯಂತ್ರ, ಇದೇ ಜಾಗದಲ್ಲಿ, ನಕ್ಷೆಯ ಮಟ್ಟವನ್ನು ಸರಿಯಾಗಿ ಹೇಳಿತ್ತು. ಈಗ ಅದೂ ಹನ್ನೆರಡು ಕೆಳಗೆ ಎಂದಿತು.

ಹೊಸ ಯಂತ್ರ ನಿರಪರಾಧಿ. ಹಳೆಯದೂ ನಿರಪರಾಧಿ. ಆಕಾಶವೂ ನಿರಪರಾಧಿ. ಬೈಯಲು ಇನ್ನು ಯಾರೂ ಉಳಿದಿರಲಿಲ್ಲ.

ಮರುದಿನ ಬೆಳಿಗ್ಗೆ ಮೋಡ ಕವಿದುಕೊಂಡೇ ಇತ್ತು. ಅವಳು ಮೂರು ಕಾಲಿನ ಮೇಲೆ ದುರ್ಬೀನು ಇಟ್ಟು ನೋಡುವ ಹಳೇ ಕಾಲದ ಮಟ್ಟದ ಯಂತ್ರವನ್ನು ಹೆಗಲಿಗೇರಿಸಿಕೊಂಡಳು. ಅದಕ್ಕೆ ಉಪಗ್ರಹ ಬೇಡ, ಬಿಲ್ಲೆ ಬೇಡ. ಹೊಳೆಯ ಸೇತುವೆಯ ಕಂಬದ ಮೇಲೆ ಕೆತ್ತಿದ, ಬಿಲ್ಲೆಯ ಹಾಗೇ ಎತ್ತರ ಗೊತ್ತಿರುವ ಇನ್ನೊಂದು ಗುರುತಿತ್ತು, ಎಷ್ಟೋ ವರ್ಷದಿಂದ ಯಾರೂ ಮುಟ್ಟದ್ದು. ಅಷ್ಟು ದೂರ ಹೋಗಿ ತಾಳೆ ನೋಡುವುದು ದಂಡ ಎಂದು ಕಚೇರಿಯವರು ಬಿಟ್ಟುಬಿಟ್ಟಿದ್ದರು, ಮೊಳೆಯಿದೆಯಲ್ಲ ಎಂದು ಅವಳೂ ಬಿಟ್ಟಿದ್ದಳು. ಡ್ರೈವರಣ್ಣನ ಕೈಗೆ ಉದ್ದನೆಯ ಅಳತೆಪಟ್ಟಿ ಕೊಟ್ಟು, ಸೇತುವೆಯಿಂದ ಶುರುಮಾಡಿ, ಹೆಜ್ಜೆ ಹೆಜ್ಜೆಗೂ ಯಂತ್ರ ಕಿತ್ತು ನೆಟ್ಟು, ಚರಂಡಿಯ ಗುಂಟ ಬಂದಳು. ಡ್ರೈವರಣ್ಣ ಮಂಡಿ ನೋವೆಂದು ದಾರಿಯುದ್ದಕ್ಕೂ ಗೊಣಗಿದ, ಪಟ್ಟಿಯನ್ನು ಮಾತ್ರ ಒಂದು ಸಲವೂ ಓರೆ ಹಿಡಿಯಲಿಲ್ಲ.

ತಗ್ಗಿನ ಬೀದಿಗೆ ಮುಟ್ಟುವ ಹೊತ್ತಿಗೆ ಉತ್ತರ ಸಿಕ್ಕಿತ್ತು. ಹಳೆಯ ಭಾಗ ಸರಿ. ಗೋಡೆಯ ಮೇಲಿನ ಗೆರೆಯೂ ಸರಿ. ಈ ಬೇಸಿಗೆಯಲ್ಲಿ ಕಟ್ಟಿದ ಕೆಳಗಿನ ಅರ್ಧ ಹನ್ನೆರಡು ಸೆಂಟಿಮೀಟರ್ ಎತ್ತರ. ಅಕ್ಕನ ಮನೆ ಬಾಗಿಲ ಮುಂದೆಯೇ ಅವಳು ಈ ಲೆಕ್ಕ ಮಾಡಿದ್ದು. ಒಳಗೆ ಅಕ್ಕ ತುಳಿಯುತ್ತಿದ್ದ ಹೊಲಿಗೆ ಯಂತ್ರ ಸದ್ದು ಮಾಡುತ್ತಿತ್ತು. ಅವಳು ಒಳಗೆ ಹೋಗಲಿಲ್ಲ. ಯಾಕೆ ಎಂದು ತಿಳಿಯದೆ ಹೇಗೆ ಮುಖ ತೋರಿಸಲಿ ಎಂದುಕೊಂಡು ಯಂತ್ರ ಎತ್ತಿಕೊಂಡು ಕಚೇರಿಯ ಕಡೆ ಮಟ್ಟ ತರುತ್ತ ಹೊರಟಳು.

ಕಚೇರಿಯ ಅಂಗಳಕ್ಕೆ ಬಂದು ಪಟ್ಟಿಯನ್ನು ಬಿಲ್ಲೆಯ ನೆತ್ತಿಯ ಮೇಲೆ ಇಡಿಸಿ ದುರ್ಬೀನಿಗೆ ಕಣ್ಣಿಟ್ಟಳು. ಬಿಲ್ಲೆ ಇರಬೇಕಾದ್ದಕ್ಕಿಂತ ಹನ್ನೆರಡು ಸೆಂಟಿಮೀಟರ್ ಮೇಲಿತ್ತು.

ನೆಲದಲ್ಲಿ ಹೂತ ಬಿಲ್ಲೆ ಮೇಲಕ್ಕೆ ಹೇಗೆ ಬಂತು? ಅವಳು ತಲೆ ಎತ್ತಿದಾಗ ಎದುರಿಗೆ ಕಂಡದ್ದು ಕಚೇರಿಯ ಮೆಟ್ಟಿಲು. ಕೆಳಗಿನ ಮೆಟ್ಟಿಲು ಮಾತ್ರ ಗಿಡ್ಡ. ಹೋದ ವರ್ಷ ಅಂಗಳಕ್ಕೆ ಹಳೆಯ ನೆಲದ ಮೇಲೇ ಹೊಸ ಕಾಂಕ್ರೀಟ್ ಹಾಕಿಸಿದ್ದರು. ಆಮೇಲೆ ಸ್ವಲ್ಪ ದಿನ ಎಲ್ಲರೂ ಆ ಮೆಟ್ಟಿಲ ಹತ್ತಿರ ಎಡವುತ್ತಿದ್ದರು, ಸಾಹೇಬರ ಕೈಯಲ್ಲಿದ್ದ ಚಹಾ ಅವರ ಅಂಗಿಗೇ ಚೆಲ್ಲಿದಾಗ ಎಲ್ಲರೂ ಮುಸಿಮುಸಿ ನಕ್ಕಿದ್ದರು. ಬರಬರುತ್ತ ಎಲ್ಲರ ಕಾಲಿಗೂ ರೂಢಿಯಾಯಿತು. ಅವಳ ಕಾಲಿಗೂ. ದಿನಾ ಅದರ ಮೇಲೆ ಕಾಲಿಟ್ಟು ಹತ್ತಿ ಇಳಿದಳು, ಮಿಲಿಮೀಟರ್ ಮಹಾರಾಣಿ!

ಮೊಳೆಯ ವಿಷಯವೂ ಆಗಲೇ ಹೊಳೆಯಿತು. ಹಳೆಯ ಮೊಳೆ ಕಾಂಕ್ರೀಟಿನ ಅಡಿಗೆ ಹೋಗಿತ್ತು. ಅವಳೇ ಹೊಸ ಮೊಳೆ ಹೊಡೆದು, ಅದರ ಎತ್ತರವನ್ನು ಇದೇ ಬಿಲ್ಲೆಯಿಂದ ತೆಗೆದಿದ್ದಳು. ಬಿಲ್ಲೆ ಎಷ್ಟು ತಪ್ಪೋ ಮೊಳೆಯೂ ಅಷ್ಟೇ ತಪ್ಪು. ಒಂದು ವರ್ಷ ಪೂರ್ತಿ ಕಳ್ಳನನ್ನು ಕರೆದು ಕಳ್ಳನ ತಮ್ಮನಿಂದ ಸಾಕ್ಷಿ ಹೇಳಿಸಿದ್ದಳು.

ಮೇಸ್ತ್ರಿ ಹಿಂದಿನ ಗೋಡೆಗೆ ಗಿಲಾವು ಮಾಡುತ್ತಿದ್ದ. ಅಂಗಳದ ಕಾಂಕ್ರೀಟ್ ಹಾಕಿದ್ದೂ ಅವನೇ. ಗುಳ್ಳಕ್ಕ ಅವನ ಹತ್ತಿರ ಹೋಗುವಾಗ ಅವಳ ಕಣ್ಣಲ್ಲಿ ಕೆಂಡವಿತ್ತು. ಬಿಲ್ಲೆಯನ್ನು ಮುಟ್ಟಿದ್ದು ಯಾರು ಎಂದು ಕೇಳಿದಳು. ಮೇಸ್ತ್ರಿಯ ಮುಖ ಅರಳಿತು. ಯಾರಾದರೂ ಒಂದು ದಿನ ಕೇಳಲಿ ಎಂದು ಕಾದಿದ್ದವನ ಹಾಗೆ ಕರಣೆ ಕೆಳಗಿಟ್ಟು ಹೇಳಿದ.

"ನೀವೇ ಹೇಳಿದ್ರಲ್ಲಕ್ಕ. ಆ ಬಿಲ್ಲೆ ಹೂತುಹೋದ್ರೆ ನಿನ್ನನ್ನೂ ಅಲ್ಲೇ ಹೂಳ್ತೀನಿ, ಕೂದಲೆಳೆಯಷ್ಟು ಆಚೀಚೆ ಆದ್ರೂ ಬಿಡಲ್ಲ ಅಂತ. ನಾಲ್ಕು ಕಡೆ ಗೂಟ ಹೊಡೆದು, ಅಡ್ಡ ಉದ್ದ ದಾರ ಕಟ್ಟಿ, ಬಿಲ್ಲೆ ನೆತ್ತಿಗೆ ತೂಗುಗುಂಡು ಬಿಟ್ಟು ಗುರುತು ಮಾಡ್ಕೊಂಡೆ. ಆಮೇಲೆ ಕೆತ್ತಿ ತೆಗೆದು, ಕಾಂಕ್ರೀಟ್ ಹಾಕಿ, ಅದೇ ದಾರದ ಕೆಳಗೆ ಕೂರಿಸಿದೆ. ಬೇಕಾದ್ರೆ ಅಳೆದು ನೋಡಿ. ಒಂದು ಕೂದಲೂ ಆಚೀಚೆ ಆಗಿಲ್ಲ."

ಆಗಿರಲಿಲ್ಲ. ಅದೇ ಆಗಿದ್ದು ಅನಾಹುತ. ಕಣ್ಣಿಗೆ ಕಾಣುವಂತೆ ಸೊಟ್ಟಗೆ ಕೂರಿಸಿದ್ದರೆ ಅವಳು ಅವತ್ತೇ ಸೇತುವೆಯ ಗುರುತಿಗೆ ಓಡಿ ತಾಳೆ ನೋಡುತ್ತಿದ್ದಳು.

"ಮೇಲಕ್ಕೆ ಎತ್ತಿದೆಯಲ್ಲೋ" ಎಂದಳು.

"ಎತ್ತದೆ ಇದ್ರೆ ಹೂತುಹೋಗ್ತಿತ್ತಲ್ಲಕ್ಕ" ಎಂದ ಮೇಸ್ತ್ರಿ.

ಅವಳು ಅವನನ್ನು ಬೈಯಲಿಲ್ಲ. ಯಾವ ಬಾಯಲ್ಲಿ ಬೈಯುವುದು? ಆಚೀಚೆ ಆಗಬಾರದು ಎಂದಿದ್ದಳು, ಹೂತುಹೋಗಬಾರದು ಎಂದಿದ್ದಳು, ಮೇಲೆ ಕೆಳಗೆ ಆಗಬಾರದು ಎಂದು ಹೇಳಿರಲಿಲ್ಲ. ಅವನು ಹೇಳಿದ್ದನ್ನೆಲ್ಲ ಶಿರಸಾವಹಿಸಿ ಪಾಲಿಸಿದ್ದ. ಕಾಂಕ್ರೀಟ್ ಹಾಕಿದ ಮೇಲೆ ಒಂದು ಸಲ ಸೇತುವೆಯ ಗುರುತಿಗೆ ಹೋಗಿ ತಾಳೆ ನೋಡಬೇಕಾದವಳು ಅವಳು. ಚೆನ್ನಾಗಿ ಕೂರಿಸಿದ್ದೀಯ ಎಂದಷ್ಟೇ ಹೇಳಿ, ಸಾಹೇಬರ ಕೋಣೆಗೆ ಹೋದಳು.

ಸಾಹೇಬರು ಎಲ್ಲ ಕೇಳಿ ಬೆವರಿದರು. ಈಗ ಚರಂಡಿಯ ತಳ ಒಡೆಯುವುದೆಂದರೆ ತಿಂಗಳುಗಟ್ಟಲೆ ಕೆಲಸ. ಮಳೆ ಇವತ್ತೋ ನಾಳೆಯೋ. ವರದಿ ಬರೆದುಕೊಡು, ಮೇಲಿನವರಿಗೆ ಕಳಿಸೋಣ, ಅಲ್ಲಿಯವರೆಗೆ ಹೊರಗೆ ಬಾಯಿ ಬಿಡಬೇಡ, ಜನ ಗಾಬರಿಯಾಗುತ್ತಾರೆ ಎಂದರು.

"ಗಾಬರಿ ಆಗಲಿ ಸರ್. ಗಾಬರಿ ಆದ್ರೆ ಎದ್ದು ಓಡ್ತಾರೆ" ಎಂದಳು. ಅವರು ಇನ್ನೇನೋ ಹೇಳುತ್ತಿದ್ದಾಗಲೇ ಅವಳು ಮೆಟ್ಟಿಲು ಇಳಿದಾಗಿತ್ತು.

ಜೀಪಿನಲ್ಲಿ ತಗ್ಗಿನ ಬೀದಿಗೆ ಬಂದಾಗ ಮಧ್ಯಾಹ್ನವೇ ಸಂಜೆಯಂತಿತ್ತು. ಅಕ್ಕನ ಮನೆ ಬೀದಿಯ ಬಾಯಲ್ಲೇ, ಮೊದಲನೆಯದು. ಅವಳು ಅದನ್ನು ದಾಟಿಕೊಂಡು ಮುಂದೆ ಹೋದಳು. ಆ ಕೊನೆಯಿಂದ ಶುರುಮಾಡಿ ಒಂದೊಂದೇ ಬಾಗಿಲು ತಟ್ಟಿದಳು. ನೀರು ಕಚೇರಿಯವರು ಹೇಳಿದ ಮಟ್ಟಕ್ಕಿಂತ ಮೇಲೆ ಬರುತ್ತದೆ, ಅಳತೆ ತಪ್ಪಿದೆ, ತಪ್ಪು ನನ್ನದು, ಮಹಡಿಯಿದ್ದವರ ಮನೆಗೆ ಹೋಗಿ, ಸಾಮಾನು ಮೇಲಿಡಿ. ಕೆಲವರು ಬೈದರು, ಕೆಲವರು ಮುಖಕ್ಕೆ ಬಾಗಿಲು ಹಾಕಿದರು, ಒಬ್ಬ ಅಜ್ಜಿ ಅವಳ ಕೈ ಹಿಡಿದು ಅತ್ತಳು. ಅಪರಿಚಿತರ ಬೈಗುಳ ತಿನ್ನುವುದು ಅವಳಿಗೆ ಕಷ್ಟವಾಗಲಿಲ್ಲ. ಪ್ರತಿಯೊಂದು ಬಾಗಿಲಿನಲ್ಲೂ ಅವಳು ಮುಂದಿನ ಬಾಗಿಲು ಅಕ್ಕನದಲ್ಲ ಎಂದು ಲೆಕ್ಕ ಹಾಕುತ್ತಿದ್ದಳು. ಅರ್ಧ ಬೀದಿ ಮುಗಿಯುವಷ್ಟರಲ್ಲಿ ಮಳೆ ಹೊಯ್ಯತೊಡಗಿತು. ಅಕ್ಕನ ಮನೆ ಮುಟ್ಟುವಾಗ ಚರಂಡಿ ತುಂಬಿ ನೀರು ಬೀದಿಗೆ ಉಕ್ಕುತ್ತಿತ್ತು.

ಒಳಗೆ ಅಕ್ಕ ಗಿರಾಕಿಗಳ ಬಟ್ಟೆಯನ್ನು ಗಂಟು ಕಟ್ಟಿ ಅಟ್ಟಕ್ಕೆ ಎಸೆಯುತ್ತಿದ್ದಳು. ಸುದ್ದಿ ಅವಳಿಗೆ ಆಗಲೇ ಮುಟ್ಟಿತ್ತು. ಗುಳ್ಳಕ್ಕ ನೇರವಾಗಿ ಗೋಡೆಯ ಹತ್ತಿರ ಹೋದಳು. ಜೇಬಿನಿಂದ ಟೇಪು ತೆಗೆದು, ಗೋಡೆಯ ಗೆರೆಯಿಂದ ಮೇಲಕ್ಕೆ ಹನ್ನೆರಡು ಸೆಂಟಿಮೀಟರ್ ಹಿಡಿದು, ಪೆನ್ಸಿಲಿನಿಂದ ಇನ್ನೊಂದು ಗೆರೆ ಎಳೆದಳು. ಗೆರೆ ಸೊಟ್ಟಗಾಯಿತು, ಒರೆಸಿ ಮತ್ತೆ ನೆಟ್ಟಗೆ ಎಳೆದಳು. ಆ ಹೊತ್ತಿನಲ್ಲೂ! ಗೆರೆ ಹಾಸಿಗೆಯ ಮೇಲೆ ಮಲಗಿದ್ದ ಭಾವನ ಕಿವಿಯ ಪಕ್ಕಕ್ಕೆ ಬಂದು ನಿಂತಿತು.

ಭಾವ ಕತ್ತು ಹೊರಳಿಸಿ ಅದನ್ನು ನೋಡಿದರು. "ನಾಲ್ಕು ಬೆರಳು ಬಿಟ್ಟಿದ್ದೆ ಕಣಮ್ಮ" ಎಂದರು ಮೆಲ್ಲಗೆ. "ಸಾಲಲಿಲ್ಲ ಅಲ್ವಾ."

ಅಕ್ಕ ಕೈಯಲ್ಲಿದ್ದ ಗಂಟನ್ನು ಕೆಳಗಿಟ್ಟಳು. "ಬೀದಿಗೆಲ್ಲ ಹೇಳಿ ಬಂದ್ಯಂತೆ" ಎಂದಳು. "ನನಗೆ ಯಾಕೆ ಕೊನೆಗೆ ಬಂದೆ?"

"ಅವರೆಲ್ಲ ಚರಂಡಿ ನಂಬಿದ್ರು ಅಕ್ಕ" ಎಂದಳು ಗುಳ್ಳಕ್ಕ. "ನೀನು ನನ್ನನ್ನ ನಂಬಿದ್ದೆ. ನಿನ್ನ ಮುಖ ನೋಡೋಕೆ ಆಗಲಿಲ್ಲ."

ನೀರು ಹೊಸ್ತಿಲು ದಾಟಿ ಒಳಗೆ ಬರುತ್ತಿತ್ತು. ಕತ್ತರಿಸುವ ಹಲಗೆಯನ್ನು ಅಕ್ಕನೇ ಗೋಡೆಯಿಂದ ಇಳಿಸಿದಳು. ಡ್ರೈವರಣ್ಣ ಮಂಡಿ ನೋವು ಮರೆತು ಜೀಪಿನಿಂದ ಇಳಿದು ಬಂದ, ಎದುರುಮನೆಯ ಬೇಕರಿಯವನು ಬಂದ. ನಾಲ್ಕು ಜನ ಹಲಗೆ ಎತ್ತಿದರು. ಗುಳ್ಳಕ್ಕ ಭಾವನ ತಲೆಯ ಕಡೆ ಹಿಡಿದಿದ್ದಳು. ನೀರು ತೊಡೆಯವರೆಗೆ ಬಂದಿತ್ತು, ಕಾಲಡಿಗೆ ಏನೇನೋ ತೇಲಿ ಬಂದು ಬಡಿಯುತ್ತಿತ್ತು, ಬೀದಿಯ ನಡುವೆ ಬೇಕರಿಯವನ ಕಾಲು ಜಾರಿ ಹಲಗೆ ಒಂದು ಕಡೆ ವಾಲಿ ಭಾವನ ಅರ್ಧ ಮೈ ನೀರಿಗೆ ಮುಳುಗಿತು. ಅಕ್ಕ ಕಿರುಚಿದಳು. ಗುಳ್ಳಕ್ಕ ಹಲಗೆಯ ತುದಿಯನ್ನು ತನ್ನ ಎದೆಗೆ ಒತ್ತಿ ಹಿಡಿದು ಮೇಲೆತ್ತಿದಳು. "ನೆಟ್ಟಗೆ ಹಿಡಿ ಗುಳ್ಳಕ್ಕ" ಎಂದರು ಭಾವ, ಬಾಯಿಗೆ ಬಂದ ನೀರು ಉಗಿಯುತ್ತ. ಬೇಕರಿಯ ಮಹಡಿಗೆ ಅವರನ್ನು ಹೊತ್ತು ತಲುಪಿಸಿದ ಮೇಲೆ ಅವಳು ಮೆಟ್ಟಿಲ ಮೇಲೆ ಕೂತು ಮಕ್ಕಳ ಹಾಗೆ ಅತ್ತಳು.

ನೀರು ಇಳಿಯಲು ಮಾರನೆಯ ದಿನ ಬೇಕಾಯಿತು. ಅಕ್ಕ ತಂಗಿ ಇಬ್ಬರೂ ಕೆಸರು ತುಳಿದುಕೊಂಡು ಮನೆಯೊಳಗೆ ಹೋದರು. ಹೊಲಿಗೆ ಯಂತ್ರ ಮಗ್ಗುಲಾಗಿ ಬಿದ್ದು ಅದರ ಚಕ್ರದ ತುಂಬ ಮಣ್ಣು ಮೆತ್ತಿತ್ತು. ಹಾಸಿಗೆ ನೀರು ಕುಡಿದು ಉಬ್ಬಿತ್ತು, ದಿಂಬು ಅಡುಗೆ ಕೋಣೆಯ ಬಾಗಿಲಲ್ಲಿ ಬಿದ್ದಿತ್ತು. ಗೋಡೆಯ ಸುತ್ತಲೂ ಕೆಸರಿನ ಅಂಚು ಎದ್ದು ಕಾಣುತ್ತಿತ್ತು. ಅದು ಮೊದಲನೆಯ ಗೆರೆಯನ್ನು ಮುಳುಗಿಸಿ, ನೇರವಾಗಿ ಎರಡನೆಯ ಗೆರೆಗೆ ಬಂದು ನಿಂತಿತ್ತು. ಪೆನ್ಸಿಲ್ ಗೆರೆ ಎಲ್ಲಿ ಮುಗಿಯುತ್ತದೆ, ಕೆಸರು ಎಲ್ಲಿ ಶುರುವಾಗುತ್ತದೆ ಎಂದು ಹೇಳಲು ಬರುತ್ತಿರಲಿಲ್ಲ. ಇಷ್ಟು ವರ್ಷ ಕೋಲು ಹಿಡಿದ ಗುಳ್ಳಕ್ಕ ಇಷ್ಟು ಸರಿಯಾದ ಅಳತೆಯನ್ನು ಎಂದೂ ಕಂಡಿರಲಿಲ್ಲ.

ಅಕ್ಕ ಗೆರೆಯ ಹತ್ತಿರ ಹೋಗಿ ಬೆರಳಿನಿಂದ ಸ್ವಲ್ಪ ಕೆಸರು ಕೆರೆದು ನೋಡಿದಳು. ಆಮೇಲೆ ಹೊಲಿಗೆ ಯಂತ್ರವನ್ನು ಎತ್ತಲು ತಂಗಿಯನ್ನು ಕರೆದಳು. ಇಬ್ಬರೂ ಸೇರಿ ಅದನ್ನು ಎತ್ತಿ ನಿಲ್ಲಿಸಿದರು. ಚಕ್ರ ತಿರುಗಿಸಿದರೆ ತಿರುಗಲಿಲ್ಲ.

"ದಿಬ್ಬದ ಮನೆಗೆ ಬೇರೆಯವರು ಬಂದಿದಾರಂತೆ" ಎಂದಳು ಅಕ್ಕ, ಚಕ್ರದ ಮಣ್ಣು ತೆಗೆಯುತ್ತಲೇ. "ಬೇರೆ ನೋಡಬೇಕು. ನಾಳೆ ನೀನೂ ಬಾ ಜೊತೆಗೆ."

ಗುಳ್ಳಕ್ಕ ಹೂಂ ಎಂದಳು.

"ಬರುವಾಗ ಆ ಕೋಲು ತರಬೇಡ ಕಣೇ" ಎಂದಳು ಅಕ್ಕ. ಅವಳ ದನಿಯಲ್ಲಿ ಸಿಟ್ಟಿರಲಿಲ್ಲ. ಗುಳ್ಳಕ್ಕ ಇಲ್ಲ ಎಂದು ತಲೆಯಾಡಿಸಿ, ಒದ್ದೆ ಬಟ್ಟೆಯೊಂದನ್ನು ಹಿಂಡಿ ತಂದು ಅಕ್ಕನ ಪಕ್ಕದಲ್ಲಿ ಕೂತು ಚಕ್ರ ಒರೆಸತೊಡಗಿದಳು.